ಮಡಿಕೇರಿಯ ಒಂದು ವಕೀಲರ ಆಫೀಸು, ಜೀವನಾಂಶದ ಕೇಸಿಗೆ: ಐದಕ್ಕೆ ನಾಲ್ಕು ಸ್ಟಾರ್

ಮೊದಲೇ ಹೇಳ್ಬಿಡ್ತೀನಿ, ಆಫೀಸ್ ಹೆಸರು ಹಾಕಲ್ಲ. ರಿವ್ಯೂ ಬರೀತೀನಿ ಸಾರ್ ಅಂದಿದ್ದಕ್ಕೆ ಅವರೇ ಬೇಡ ಅಂದ್ರು, ವಕೀಲರು ಜಾಹೀರಾತು ಮಾಡ್ಕೊಳ್ಳಂಗಿಲ್ಲ, ಬಾರ್ ಕೌನ್ಸಿಲ್ ರೂಲ್ ಇದೆ, ನೀವು ಪ್ರೀತಿಯಿಂದ ಬರೆದ್ರೂ ನಾನೇ ಬರೆಸಿದ್ದು ಅಂತಾರೆ ಅಂದ್ರು. ಸರಿ, ಹೆಸರಿಲ್ಲದ ರಿವ್ಯೂ ಅಂದ್ಕೊಳ್ಳಿ. ಆದ್ರೂ ಬರೀಲೇಬೇಕು ಅನ್ನಿಸ್ತು, ಯಾಕಂದ್ರೆ ನಮ್ಮ ಕೊಡಗಲ್ಲಿ ಕಲ್ಯಾಣ ಮಂಟಪಕ್ಕೆ ನಂಬರ್ ಕೇಳಿ, ಪಂದಿಕರಿ ಮಾಡೋರ ನಂಬರ್ ಕೇಳಿ, ಹತ್ತು ಜನ ಕೊಡ್ತಾರೆ, ಡೈವೋರ್ಸ್ ಆದ್ಮೇಲೆ ಜೀವನಾಂಶದ ಕೇಸಿಗೆ ಯಾರು ಒಳ್ಳೇವ್ರು ಅಂತ ಕೇಳಿದ್ರೆ ಮಾತ್ರ ಎಲ್ಲರೂ ಅಯ್ಯೋ ಪಾಪ ಅಂತ ಮುಖ ನೋಡ್ತಾರೆ ಹೊರತು ನಂಬರ್ ಯಾರೂ ಕೊಡಲ್ಲ.

ನನ್ನ ಅಭಿಪ್ರಾಯ ಏನಂದ್ರೆ, ಜೀವನಾಂಶದ ವಕೀಲರಿಗೆ ಆರ್ಡರ್ ಬಂದ ದಿನ ಮಾರ್ಕ್ಸ್ ಹಾಕೋಕೆ ಹೋಗ್ಬೇಡಿ. ಆವತ್ತು ಎಷ್ಟು ಸಾವಿರ ಅಂತ ಎಲ್ಲರೂ ಕೇಳ್ತಾರೆ. ನಾಲ್ಕೈದು ವರ್ಷ ಕಳೆದು ಕಾಫಿ ರೇಟು ಬದಲಾಗಿ, ಗ್ಯಾಸ್ ರೇಟು ಬದಲಾಗಿ, ಗಂಡನಾಗಿದ್ದವನ ಮನಸ್ಸೂ ಬದಲಾದ್ಮೇಲೆ ಆ ಆರ್ಡರ್ ಹಾಳೆ ಇನ್ನೂ ಕೆಲಸ ಮಾಡ್ತಿದೆಯಾ ಅಂತ ನೋಡ್ಬೇಕು. ನಾನು ಇವರ ಹತ್ರ ಹೋಗಿದ್ದು 2018ರ ಕೊನೇಲಿ, ಈಗಲೂ ನನ್ನ ಫೈಲ್ ಅಲ್ಲೇ ಇದೆ, ಹಾಗಾಗಿ ಹೇಳೋಕೆ ನನಗೆ ಸ್ವಲ್ಪ ಅಧಿಕಾರ ಇದೆ ಅಂದ್ಕೊಂಡಿದೀನಿ.

ಇವರಿಗಿಂತ ಮುಂಚೆ ಬೇರೆ ಊರಲ್ಲಿ ಒಬ್ಬರನ್ನ ನೋಡಿದ್ದೆ. ಅವರು ಕೂತ್ಕೊಳ್ಳಿ ಅನ್ನೋ ಮುಂಚೇನೇ ಏಳು ಲಕ್ಷಕ್ಕೆ ಸೆಟ್ಲ್ ಮಾಡಿಸ್ತೀನಿ, ಒಂದೇ ಸಲ ತಗೊಂಡು ಮುಗಿಸಿ, ನಿಮಗೂ ನೆಮ್ಮದಿ ಅಂದ್ರು. ನನಗೆ ಆಗ 42, ಮಗಳು ಹೈಸ್ಕೂಲು, ಏಳು ಲಕ್ಷ ಅಂದ್ರೆ ದೊಡ್ಡದೇ ಅನ್ನಿಸ್ತು. ಮಡಿಕೇರಿಯವರ ಹತ್ರ ಇದನ್ನೇ ಹೇಳಿದಾಗ ಅವರು ಬೈಲೂ ಇಲ್ಲ, ಹೊಗಳ್ಲೂ ಇಲ್ಲ, ಮೇಜಿನ ಮೇಲಿದ್ದ ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಲೆಕ್ಕ ಬರೆದ್ರು: ಏಳು ಲಕ್ಷ ಬ್ಯಾಂಕಲ್ಲಿ ಇಟ್ರೆ ನೂರಕ್ಕೆ ಆರರ ಬಡ್ಡಿ ಹಿಡಿದ್ರೂ ತಿಂಗಳಿಗೆ 3,500. ಇದ್ರಲ್ಲಿ ನೀವಿಬ್ರು ಎಷ್ಟು ವರ್ಷ ಬದುಕ್ತೀರಿ ಹೇಳಿ ಅಂದ್ರು. ಅಷ್ಟೇ. ಆ ಹಾಳೆ ಇನ್ನೂ ನನ್ನ ಫೈಲಲ್ಲಿದೆ.

ಆದ್ರೆ ಒಂದು ಮಾತು, ಇವರು ಒಟ್ಟು ಮೊತ್ತ ತಗೋಬೇಡಿ ಅಂತ ಎಲ್ಲರಿಗೂ ಹೇಳೋ ಪೈಕಿ ಅಲ್ಲ. ಎರಡೂ ಕಡೆ ಬಿಡಿಸಿ ಹೇಳಿದ್ರು. ಒಂದೇ ಸಲ ತಗೊಂಡ್ರೆ ಪ್ರತಿ ತಿಂಗಳು ಅವನ ಮುಖ, ಅವನ ಮೆಸೇಜು ನೋಡೋ ಕರ್ಮ ಇಲ್ಲ, ಅವನು ತೋಟ ಮಾರಿ ದುಬೈಗೆ ಹೋದ್ರೂ ನಿಮ್ಮ ದುಡ್ಡು ನಿಮ್ಮದು. ತಿಂಗಳಿಗೆ ಅಂತ ತಗೊಂಡ್ರೆ ಮುಂದೆ ಜಾಸ್ತಿ ಮಾಡಿ ಅಂತ ಕೇಳಬಹುದು, ಆದ್ರೆ ಅವನೂ ಕಮ್ಮಿ ಮಾಡಿ ಅಂತ ಬರಬಹುದು, ನೀವು ಮತ್ತೆ ಮದುವೆ ಆದ್ರೆ ಅದನ್ನ ತೋರಿಸಿ ನಿಲ್ಲಿಸೋಕೂ ಕೇಳಬಹುದು, ಕೊಡದೇ ಇದ್ರೆ ಬೆನ್ನು ಹತ್ತಬೇಕು. 1955ರ ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್ ಎರಡನ್ನೂ ಇಟ್ಟಿದೆ, ಒಟ್ಟಿಗೂ ಕೊಡಿಸಬಹುದು, ತಿಂಗಳಿಗೂ ಕೊಡಿಸಬಹುದು, ಬೇಕಾದ್ರೆ ಅವನ ಸ್ಥಿರಾಸ್ತಿ ಮೇಲೆ ಚಾರ್ಜ್, ಅಂದ್ರೆ ಜೀವನಾಂಶದ ಋಣ, ಕೂರಿಸಬಹುದು. ಈ ಕೊನೇ ಮಾತನ್ನ ಅವರು ಎರಡು ಸಲ ಹೇಳಿದ್ರು, ನನಗೆ ಆಗ ಅದರ ಬೆಲೆ ಗೊತ್ತಾಗ್ಲಿಲ್ಲ, ಮುಂದೆ ಹೇಳ್ತೀನಿ.

ಫೀಸಿನ ವಿಷಯ. ಮೊದಲ ಸಲ ಮಾತಾಡೋಕೆ ದುಡ್ಡು ತಗೊಳ್ಲಿಲ್ಲ. ನನ್ನ ಹತ್ರ ಅಷ್ಟು ಇಲ್ಲ ಸಾರ್ ಅಂದಾಗ ಅವರೇ ಹೇಳಿದ್ದು, ನೋಡಮ್ಮ ನೀವು ನನಗೆ ಕೊಡ್ಲೇಬೇಕು ಅಂತೇನಿಲ್ಲ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೇಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರ್ಲಿ ಉಚಿತ ವಕೀಲರು ಸಿಗ್ತಾರೆ, ಜಿಲ್ಲಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಇಲ್ಲಾಂದ್ರೆ 15100ಕ್ಕೆ ಫೋನ್ ಮಾಡಿ. ಗಿರಾಕಿ ಬಾಗಿಲಿಗೆ ಬಂದು ನಿಂತಾಗ ಹೀಗೆ ಹೇಳೋ ವಕೀಲರು ಎಷ್ಟು ಜನ ಇದಾರೆ ಹೇಳಿ. ನನ್ನ ಅಣ್ಣ ಫೀಸ್ ನಾನು ಕೊಡ್ತೀನಿ ಇವರೇ ಇರ್ಲಿ ಅಂದ ಮೇಲೆ ಕಂತಲ್ಲಿ ಕೊಟ್ವಿ. ಆದ್ರೆ ಇದನ್ನ ಓದೋರಲ್ಲಿ ಯಾರಿಗಾದ್ರೂ ಅಣ್ಣ ತಮ್ಮ ಇಲ್ಲ, ಕೈಲಿ ಕಾಸಿಲ್ಲ ಅಂದ್ರೆ ಆ ನಂಬರ್ ಬರ್ಕೊಳ್ಳಿ, ಅಲ್ಲಿಂದಲೇ ಕೇಸ್ ಗೆದ್ದವರನ್ನ ನಾನು ನೋಡಿದೀನಿ.

ಡೈವೋರ್ಸ್ ಕೇಸ್ ಹಾಕಿದ್ದು ಅವನು. ನಮ್ಮ ಕಡೆಯಿಂದ ಮೊದಲು ಹಾಕಿದ್ದು 125, ಅಂದ್ರೆ ದಂಡ ಪ್ರಕ್ರಿಯಾ ಸಂಹಿತೆಯ ಜೀವನಾಂಶದ ಸೆಕ್ಷನ್. ಆಗ ಸಿಆರ್‌ಪಿಸಿ 125 ಅಂತಿತ್ತು, 2024ರ ಜುಲೈ 1ರಿಂದ ಅದೇ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದ್ರೆ ಬಿಎನ್‌ಎಸ್‌ಎಸ್ 144 ಆಗಿದೆ, ಹೊಸದಾಗಿ ಹಾಕೋರಿಗೆ ಆ ನಂಬರ್ರು. ಇದ್ರಲ್ಲಿ ಡೈವೋರ್ಸ್ ಆದ ಹೆಂಗಸೂ ಮತ್ತೆ ಮದುವೆ ಆಗೋವರೆಗೆ ಹೆಂಡತಿ ಅನ್ನೋ ಲೆಕ್ಕದಲ್ಲೇ ಬರ್ತಾಳೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಡೈವೋರ್ಸ್ ಆಯ್ತಲ್ಲ ಇನ್ನೇನು ಅಂತ ಸುಮ್ನಾಗ್ತಾರೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನ ನೋಟಿಸ್ ಆಗಿ 60 ದಿನದೊಳಗೆ ಆದಷ್ಟು ಮಟ್ಟಿಗೆ ತೀರ್ಮಾನ ಮಾಡ್ಬೇಕು ಅಂತ ಕಾನೂನಲ್ಲಿ ಬರೆದಿದೆ, ಆದಷ್ಟು ಮಟ್ಟಿಗೆ ಅನ್ನೋ ಆ ಎರಡು ಪದದಲ್ಲಿ ಒಂದು ಮಳೆಗಾಲ ಹೋಗ್ತದೆ ಬಿಡಿ. ಕೊನೆಗೆ 2019ರಲ್ಲಿ ನನಗೆ 5,000, ಮಗಳಿಗೆ 3,000 ಅಂತ ಮಧ್ಯಂತರ ಆಯ್ತು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ, ಆದಾಯ ತೋರಿಸೋದು. ಕೆಲಸದಲ್ಲಿರೋ ಗಂಡ ಆದ್ರೆ ಸಂಬಳದ ಚೀಟಿ ಇರ್ತದೆ, ಮುಗೀತು. ತೋಟದ ಗಂಡನ ಆದಾಯ ಹಿಡಿಯೋದು ಇದೆಯಲ್ಲ, ಕೆರೇಲಿ ಬರಿಗೈಲಿ ಹಾವುಮೀನು ಹಿಡಿದಂಗೆ. ಕೃಷಿ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ, ಹಾಗಾಗಿ ರಿಟರ್ನ್ ಫೈಲ್ ಮಾಡಿಲ್ಲ ಅಂದ್ಬಿಟ್ರೆ ತಪ್ಪೂ ಅಲ್ಲ, ಕೋರ್ಟಿಗೆ ತೋರಿಸೋಕೆ ಹಾಳೇನೂ ಇಲ್ಲ. ಪಹಣಿ ತೆಗೆದ್ರೆ ಜಮ್ಮಾ ಜಾಗ, ಅಂದ್ರೆ ತಲೆಮಾರಿಂದ ಇಡೀ ಒಕ್ಕಕ್ಕೆ (ಮನೆತನಕ್ಕೆ) ಸೇರಿದ ಜಾಗ, ಒಕ್ಕದ ಯಜಮಾನ ಪಟ್ಟೆದಾರರ ಹೆಸರು, ಅದರ ಕೆಳಗೆ ರೈಲು ಬೋಗಿ ಥರ ಇನ್ನಷ್ಟು ಹೆಸರು, ಅದ್ರಲ್ಲಿ ನಮ್ಮವನು ಎಲ್ಲೋ ಬಾಲದಲ್ಲಿ. ಅವನ ಕಡೆಯವರು ಕೋರ್ಟಲ್ಲಿ ಹೇಳಿದ್ದೂ ಅದನ್ನೇ, ಜಾಗ ಒಕ್ಕದ್ದು, ನನ್ನ ಸ್ವಂತದ್ದು ಏನಿಲ್ಲ, ಅಣ್ಣಂದಿರು ಕೊಟ್ಟಿದ್ದು ತಿಂತೀನಿ, ತಿಂಗಳಿಗೆ 10,000 ಸಿಕ್ಕಿದ್ರೆ ಹೆಚ್ಚು.

ಇಲ್ಲಿ ಈ ಆಫೀಸಿನ ಜೂನಿಯರ್ ಮೇಡಂಗೆ ಪೂರ್ತಿ ಐದು ಸ್ಟಾರ್. ಸೋಮವಾರಪೇಟೆ ಕಡೆಯವರು, ಮನೇಲಿ ಕಾಫಿ ಇರೋದ್ರಿಂದ ಯಾರೂ ಅವರಿಗೆ ಕತೆ ಹೇಳೋಕಾಗಲ್ಲ. ಒಂದು ಮಧ್ಯಾಹ್ನ ನನ್ನನ್ನ ಕೂರಿಸ್ಕೊಂಡು ಕ್ಯಾಲ್ಕುಲೇಟರ್ ಹಿಡಿದು ಕೇಳ್ತಾ ಹೋದ್ರು, ಅಕ್ಕ ನೀವು ಅಲ್ಲಿ ಇಷ್ಟು ವರ್ಷ ಇದ್ರಿ, ಅವರ ಪಾಲಿಗೆ ಬಿಟ್ಟ ಜಾಗ ಎಲ್ಲಿಂದ ಎಲ್ಲಿಗೆ, ಕಣ ಎಷ್ಟು ದೊಡ್ಡದು, ಒಣಗಿಸಿದ ಚೆರಿ (ಕಾಫಿ ಹಣ್ಣು) ಚೀಲ ಎಲ್ಲಿ ಅಡಿಕ್ತಿದ್ರು, ಆಳುಗಳ ಲೈನ್ ಮನೇಲಿ ಎಷ್ಟು ಸಂಸಾರ ಇತ್ತು, ಕೊಯ್ಲಿಗೆ ಹೊರಗಿನ ಆಳು ಬರ್ತಿದ್ರಾ, ಮೆಣಸಿನ ಬಳ್ಳಿ ಸಿಲ್ವರ್ ಓಕ್ ಮರದ ಮೇಲಾ ಕಾಡುಮರದ ಮೇಲಾ. ನಾನು ಹತ್ತೊಂಬತ್ತು ವರ್ಷ ಆ ಕಣದಲ್ಲಿ ಕಾಫಿ ಕೆದಕಿದೋಳು, ನನಗೆ ಗೊತ್ತಿಲ್ವಾ. ಎಂಟು ಎಕರೆ ಅವನ ಅನುಭೋಗ, ಎಕರೆಗೆ 50 ಕೆಜಿ ಚೀಲ ಹದಿನೈದು ಅಂತ ಕಮ್ಮಿಯಲ್ಲೇ ಹಿಡಿದ್ರೂ 120 ಚೀಲ, ಆಗಿನ ರೊಬಸ್ಟಾ ಚೆರಿ ರೇಟು ಮೂರೂವರೆ ಸಾವಿರದ ಆಸುಪಾಸು ಅಂದ್ರೆ ನಾಲ್ಕು ಲಕ್ಷದ ಮೇಲೆ, ಮೆಣಸು ಬೇರೆ. ಅದ್ರಲ್ಲಿ ಅರ್ಧ ಆಳು ಗೊಬ್ಬರ ಸ್ಪ್ರೇ ಅಂತ ತೆಗೆದುಬಿಟ್ರು ಮೇಡಂ, ಯಾಕೆ ಇಷ್ಟು ತೆಗಿತೀರಿ ಅಂತ ನಾನು ಗಲಾಟೆ ಮಾಡಿದೆ, ಅಕ್ಕ ನಾವೇ ಖರ್ಚು ಸರಿಯಾಗಿ ಹಿಡಿದ್ರೆ ಜಡ್ಜ್ ನಮ್ಮ ಲೆಕ್ಕ ನಂಬ್ತಾರೆ ಅಂದ್ರು. ಹಾಗೆ ತೆಗೆದ್ರೂ ಮೆಣಸೂ ಸೇರಿ ತಿಂಗಳಿಗೆ 28, 29 ಸಾವಿರ ಬಂತು.

ಲೆಕ್ಕ ಸರಿ, ದಾಖಲೆ? ಕಾಫಿ ಕೊಳ್ಳೋ ವ್ಯಾಪಾರಿಯ ಚೀಟಿಗಳು ನನ್ನ ಹಳೇ ಪರ್ಸಲ್ಲಿ ಎರಡು ಉಳಿದಿತ್ತು, ತೂಕ, ಓಟಿ, ರೇಟು ಎಲ್ಲಾ ಬರೆದಿರೋದು. ಓಟಿ ಗೊತ್ತಲ್ಲ, ಚೆರಿ ಸಿಪ್ಪೆ ತೆಗೆದ್ರೆ ಬೀಜ ಎಷ್ಟು ಬರ್ತದೆ ಅನ್ನೋದು, ಅದರ ಮೇಲೆ ನಮ್ಮಲ್ಲಿ ರೇಟು. ಅವನ ತೋಟದ್ದು ಓಟಿ ಚೆನ್ನಾಗೇ ಬರ್ತಿತ್ತು, ಚೀಟೀಲೇ ಇತ್ತು. ಇನ್ನೊಂದು, ಸೊಸೈಟೀಲಿ ಬೆಳೆ ಸಾಲ ತಗೊಳ್ಳೋವಾಗ ಎಷ್ಟು ಎಕರೆ ಕಾಫಿ ಅಂತ ಬರೆದು ಸೈನ್ ಹಾಕಿರ್ತಾರಲ್ಲ, ಅದನ್ನ ಕೋರ್ಟ್ ಮೂಲಕ ತರಿಸಿದ್ರು. ಸಾಲ ತಗೊಳ್ಳೋವಾಗ ಎಂಟು ಎಕರೆ, ಹೆಂಡತಿಗೆ ಕೊಡೋವಾಗ ಏನೂ ಇಲ್ಲ. ಪಾಟಿ ಸವಾಲಲ್ಲಿ ಆ ಸೈನ್ ನಿಮ್ಮದೇನಾ ಅಂತ ಕೇಳಿದಾಗ ಅವನು ಹೌದು ಅಂದ, ಮುಂದಿನ ಪ್ರಶ್ನೆ ವಕೀಲರು ಕೇಳಲೇ ಇಲ್ಲ, ಕೂತ್ಬಿಟ್ರು. ನನಗೆ ಇನ್ನೂ ನಾಲ್ಕು ಕೇಳ್ಬೇಕಿತ್ತು ಅನ್ನಿಸ್ತು, ಅವರು ಸಾಕು ಅಂದ್ರು.

ಇದಕ್ಕೆ ಬಲ ಕೊಟ್ಟಿದ್ದು ಸುಪ್ರೀಂ ಕೋರ್ಟಿನ ರಜನೇಶ್ ವರ್ಸಸ್ ನೇಹಾ ತೀರ್ಪು, 2020ರ ನವೆಂಬರ್ 4. ಅದಾದ್ಮೇಲೆ ಜೀವನಾಂಶದ ಕೇಸಲ್ಲಿ ಗಂಡ ಹೆಂಡತಿ ಇಬ್ರೂ ತಮ್ಮ ಆಸ್ತಿ, ಆದಾಯ, ಸಾಲ, ಖರ್ಚು ಎಲ್ಲಾ ಬರೆದು ಅಫಿಡವಿಟ್ ಹಾಕ್ಬೇಕು, ತೋಟದವರಿಗೆ ಜಮೀನು, ಬೆಳೆ ವಿವರದ ಕಾಲಂ ಕೂಡ ಇದೆ. ಅದೇ ತೀರ್ಪಲ್ಲಿ ಇನ್ನೂ ಎರಡು ಒಳ್ಳೇದಿದೆ: ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ, ಆರ್ಡರ್ ಆದ ದಿನದಿಂದ ಅಲ್ಲ, ಮತ್ತೆ ಎರಡು ಮೂರು ಕಾಯ್ದೆ ಕೆಳಗೆ ಕೇಸ್ ಹಾಕಿದ್ರೆ ಮೊದಲು ಸಿಗ್ತಿರೋದನ್ನ ಹೇಳ್ಲೇಬೇಕು, ಕೋರ್ಟು ಅದನ್ನ ಹೊಂದಾಣಿಕೆ ಮಾಡ್ತದೆ. ಇಬ್ರೂ ಹಾಕ್ಬೇಕು ಅಂದ್ನಲ್ಲ, ಇದನ್ನ ಹೆಣ್ಣುಮಕ್ಕಳು ಗಮನಿಸಿ. ನಾನು ಹೊಲಿಗೆ ಅಂಗಡಿ ಇಟ್ಟಿದ್ದೆ, ಬ್ಲೌಸ್ ಹೊಲಿದು ಬರೋ ಆರೇಳು ಸಾವಿರ, ತವರಿನವರು ಕೊಟ್ಟ ಚಿನ್ನ, ಪೋಸ್ಟ್ ಆಫೀಸಲ್ಲಿರೋ ಆರ್‌ಡಿ, ಎಲ್ಲಾ ಬರೆಸಿದ್ರು. ಅಂಗಡಿ ಯಾಕೆ ಬರೀಬೇಕು ಅಂತ ನನ್ನ ಚಿಕ್ಕಮ್ಮ ಜಗಳಕ್ಕೇ ನಿಂತ್ರು. ಮುಚ್ಚಿಟ್ಟು ಸಿಕ್ಕಿಬಿದ್ರೆ ಆಮೇಲೆ ನೀವು ಹೇಳಿದ ಸತ್ಯವೂ ಸುಳ್ಳಾಗ್ತದೆ, ಸ್ವಲ್ಪ ದುಡಿತಾಳೆ ಅನ್ನೋ ಒಂದೇ ಕಾರಣಕ್ಕೆ ಜೀವನಾಂಶ ಇಲ್ಲ ಅನ್ನಂಗಿಲ್ಲ ಅಂತ 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ ಅಂದ್ರು ವಕೀಲರು. ಆಚೆ ಕಡೆ ವಕೀಲರು ನಿರೀಕ್ಷೆ ಮಾಡಿದಂಗೇ ಅಂಗಡಿ ಫೋಟೋ ಪ್ರಿಂಟ್ ಹಾಕಿಸ್ಕೊಂಡು ಬಂದಿದ್ರು, ಇದು ನಿಮ್ಮದೇ ಅಂಗಡಿ ಅಲ್ವಾ ಅಂದ್ರು, ಹೌದು ಅಫಿಡವಿಟ್ ಮೂರನೇ ಪೇಜಲ್ಲಿ ಬರೆದಿದೀನಲ್ಲ ಅಂದೆ. ಪಾಪ ಫೋಟೋಗೆ ಖರ್ಚು ಮಾಡಿದ್ರು.

ಅವನ ಕಡೆ ನ್ಯಾಯ ಇರೋದನ್ನೂ ಬರೀಬೇಕು. 2018ರ ಆಗಸ್ಟ್ ಮಳೆ, ಭೂಕುಸಿತ ಯಾರಿಗೆ ನೆನಪಿಲ್ಲ, ಮಾದಾಪುರ ಕಡೆ ತೋಟ ಅವರದ್ದು, ಜಾಗ ಕುಸೀಲಿಲ್ಲ ಆದ್ರೆ ಕಾಯಿ ಉದುರಿ ಆ ವರ್ಷ ಕಣ ಖಾಲಿ ಇತ್ತು. ಅದನ್ನ ಆಚೆ ಕಡೆಯವರು ತೋಟವೇ ಹೋಯ್ತು ಅಂತ ದೊಡ್ಡದು ಮಾಡಿದ್ರು, ನಮ್ಮ ವಕೀಲರು ಕುಸಿದಿಲ್ಲ ಅನ್ನೋದನ್ನ ತೋರಿಸಿದ್ರು, ಆದ್ರೆ ಬೆಳೆ ಕಮ್ಮಿ ಆಗಿದ್ದು ನಿಜ ಅಂತ ಒಪ್ಪಿಕೊಂಡ್ರು. ಮಧ್ಯಂತರದ ಮೊತ್ತ ಕಮ್ಮಿ ಬಂದಿದ್ದು ಅದಕ್ಕೇ ಇರಬಹುದು. ಅದಕ್ಕೆ ನನಗೆ ಬೇಜಾರಿಲ್ಲ, ಆ ವರ್ಷ ಯಾರ ಮನೇಲಿ ದುಡ್ಡಿತ್ತು.

ಮೀಡಿಯೇಷನ್ ಬಗ್ಗೆ ಜಾಸ್ತಿ ಹೇಳೋಕಿಲ್ಲ, ಕೋರ್ಟಿಂದ ಕಳಿಸಿದ್ರು, ಒಳಗೆ ಆಡಿದ ಮಾತು ಹೊರಗೆ ಹೇಳಂಗಿಲ್ಲ. ಅದಕ್ಕೂ ಮೊದಲು ಮನೆ ಮಟ್ಟದಲ್ಲಿ ಅರುವ ಬಂದು ಕೂತು ಮಾತಾಡಿದ್ರು, ನನ್ನ ಮದುವೇಲಿ ಸಂಬಂಧ ಕೊಡೋವಾಗ ನಮ್ಮ ಒಕ್ಕದ ಪರವಾಗಿ ನಿಂತವರೇ ಅವರು, ಈಗ 78 ವರ್ಷ, ಹುಡುಗಿಗೆ ಒಂದು ದಾರಿ ಮಾಡಿ ಅಂತ ಆ ಕಡೆಯವರನ್ನ ಕೇಳ್ಕೊಂಡ್ರು. ಆಚೆಯವರು ಕಾಫಿ ಕೊಟ್ಟು ಕಳಿಸಿದ್ರು. ವಕೀಲರು ಈ ಮಾತುಕತೆನ ಹಗುರವಾಗಿ ತಗೊಳ್ಲಿಲ್ಲ, ಅರುವ ಏನು ಕೇಳಿದ್ರು, ಅವರು ಎಷ್ಟಕ್ಕೆ ಬರಬಹುದು ಅಂದ್ರು, ಎಲ್ಲಾ ಕೇಳಿ ಬರ್ಕೊಂಡ್ರು. ಕೆಲವು ವಕೀಲರಿಗೆ ಹಿರಿಯರು ಅಂದ್ರೆ ತಮಾಷೆ, ಇವರು ಹಾಗಲ್ಲ.

2021ರಲ್ಲಿ ಡೈವೋರ್ಸ್ ಡಿಕ್ರಿ ಆಯ್ತು. ನನಗೆ ತಿಂಗಳಿಗೆ 7,500, ಮಗಳಿಗೆ 4,500. ಕಮ್ಮಿ ಅಂತ ನೆಂಟರೆಲ್ಲಾ ಮೂಗು ಮುರಿದ್ರು. ಗಂಡನ ಕೈಗೆ ಬರೋ ಸಂಬಳದ ನಾಲ್ಕರಲ್ಲಿ ಒಂದು ಭಾಗ ನ್ಯಾಯವಾದದ್ದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ಕೇಸಲ್ಲಿ ಹೇಳಿತ್ತು, ಅದು ಕಬ್ಬಿಣದ ರೂಲ್ ಅಲ್ಲ, ಕೇಸಿನಿಂದ ಕೇಸಿಗೆ ಬೇರೆ, ಆದ್ರೂ ಎಲ್ಲರೂ ಅದನ್ನ ಮನಸ್ಸಲ್ಲಿ ಇಟ್ಕೊಂಡಿರ್ತಾರೆ, ನಮ್ಮ ಲೆಕ್ಕಕ್ಕೆ ಅದು ಹತ್ರ ಹತ್ರ ಬಂದಿದೆ ಅಂದ್ರು ವಕೀಲರು. ನನಗೆ ಮೊತ್ತಕ್ಕಿಂತ ಆರ್ಡರಿನ ಉಳಿದ ಸಾಲುಗಳೇ ಮುಖ್ಯ ಆಗಿದ್ದು ಆಮೇಲೆ. ಪ್ರತಿ ತಿಂಗಳು ಹತ್ತನೇ ತಾರೀಕಿನೊಳಗೆ, ನನ್ನ ಬ್ಯಾಂಕ್ ಖಾತೆಗೇ, ಕೈಗೆ ಕೊಟ್ಟೆ ಅನ್ನಂಗಿಲ್ಲ. ಅವನು ಪುತ್ತರಿ ಹಬ್ಬ ಆಗಿ ಕೊಯ್ಲು ಮುಗಿದು ಕಾಫಿ ಮಾರಿದ್ಮೇಲೆ ವರ್ಷಕ್ಕೊಂದ್ಸಲ ಕೊಡ್ತೀನಿ ಅಂತ ಕೇಳಿದ್ದ, ತೋಟದವರಿಗೆ ದುಡ್ಡು ಬರೋದೇ ಹಾಗೆ, ಕೇಳೋಕೆ ನ್ಯಾಯ ಅನ್ನಿಸ್ತದೆ. ನಮ್ಮ ವಕೀಲರು ಒಪ್ಪಲಿಲ್ಲ. ಬೇಕಾದ್ರೆ ಮಾರ್ಚಲ್ಲಿ ಇಡೀ ವರ್ಷದ್ದು ಮುಂಗಡ ಹಾಕ್ಲಿ, ಬೇಡ ಅಂದವರಾರು, ಆದ್ರೆ ಆರ್ಡರಲ್ಲಿ ತಿಂಗಳು ಅಂತಲೇ ಇರ್ಬೇಕು, ವರ್ಷಕ್ಕೊಂದ್ಸಲ ಅಂತ ಬರೆಸಿದ್ರೆ ಅವನು ತಪ್ಪಿದಾನೆ ಅಂತ ಗೊತ್ತಾಗೋಕೇ ವರ್ಷ ಬೇಕು ಅಂದ್ರು. ತೋಟದವರ ಮನೆ ಹೆಣ್ಣುಮಕ್ಕಳು ಈ ಒಂದು ಸಾಲು ಮರೀಬೇಡಿ.

ಇನ್ನು ಆ ಚಾರ್ಜ್ ವಿಷಯ. ಜಮ್ಮಾ ಬಿಟ್ಟು ಅವನ ಸ್ವಂತ ಹೆಸರಲ್ಲಿ ಖರೀದಿ ಮಾಡಿದ ಎರಡು ಎಕರೆ ಇತ್ತು, ಅದರ ಮೇಲೆ ಜೀವನಾಂಶದ ಚಾರ್ಜ್ ಕೂರಿಸಿ ಅಂತ ಕೇಳಿದ್ರು, ಕೋರ್ಟ್ ಕೊಡ್ತು. ಡಿಕ್ರಿ ಕಾಪಿ ಇಟ್ಟು ಅರ್ಜಿ ಕೊಟ್ಟು ಪಹಣಿಯ 11ನೇ ಕಾಲಂನಲ್ಲಿ ಋಣ ಅಂತ ನಮೂದಾಗೋವರೆಗೆ ಜೂನಿಯರ್ ಮೇಡಂ ಬಿಡ್ಲಿಲ್ಲ. ಒಂದು ಸಲ ಅವನು ಆರೇಳು ತಿಂಗಳು ಕೊಡೋದು ನಿಲ್ಲಿಸಿದ್ದ, ಫೋನ್ ಎತ್ತಲ್ಲ, ಮೆಸೇಜಿಗೆ ಉತ್ತರ ಇಲ್ಲ. ಆಮೇಲೆ ಒಂದು ದಿನ ಬೆಳಿಗ್ಗೆ ಬಾಕಿ ಅಷ್ಟೂ ನನ್ನ ಖಾತೆಗೆ ಬಂದು ಬಿತ್ತು. ಆ ಎರಡು ಎಕರೆ ಅಡ ಇಟ್ಟು ಸಾಲ ತೆಗಿಯೋಕೆ ಹೋಗಿದ್ದಾನೆ, ಬ್ಯಾಂಕಿನವರು ಪಹಣಿ ನೋಡಿ ಇದೇನು ಅಂತ ಕೇಳಿದಾರೆ. ನಾನು ಕೋರ್ಟಿಗೂ ಹೋಗ್ಲಿಲ್ಲ, ಜಗಳವೂ ಆಡ್ಲಿಲ್ಲ.

ಅದಕ್ಕೂ ಮೊದಲು, ಕೊರೋನಾ ಟೈಮಲ್ಲಿ 125ರ ಮಧ್ಯಂತರದ ದುಡ್ಡು ನಿಲ್ಲಿಸಿದ್ದ. ಅಲ್ಲಿ ಒಂದು ಗುಂಡಿ ಇದೆ ಎಲ್ಲರೂ ಬೀಳೋದು: 125ರ ಬಾಕಿಗೆ ವಾರಂಟ್ ಬೇಕಾದ್ರೆ ಬಾಕಿ ಬಿದ್ದ ಒಂದು ವರ್ಷದೊಳಗೆ ಅರ್ಜಿ ಹಾಕ್ಬೇಕು. ಪಾಪ ಕೊಡ್ತಾನೆ ಬಿಡು ಅಂತ ಎರಡು ಮೂರು ವರ್ಷ ಸುಮ್ನೆ ಕೂತ ಹೆಂಗಸರಿಗೆ ಹಳೇ ಬಾಕಿಗೆ ಆ ದಾರಿ ಮುಚ್ಚಿರ್ತದೆ. ಈ ಆಫೀಸಲ್ಲಿ ಗೋಡೆ ಮೇಲೆ ಒಂದು ಬೋರ್ಡಲ್ಲಿ ಯಾರ್ಯಾರ ಬಾಕಿಗೆ ಯಾವ ತಿಂಗಳು ವರ್ಷ ತುಂಬ್ತದೆ ಅಂತ ಬರೆದಿಟ್ಟಿರ್ತಾರೆ, ಹೆಸರಿಲ್ಲ, ಫೈಲ್ ನಂಬರ್ ಅಷ್ಟೇ. ಗುಮಾಸ್ತರೇ ಫೋನ್ ಮಾಡಿ ಬಂದು ಸೈನ್ ಹಾಕಿ ಹೋಗಿ ಅಂದ್ರು. ಕೊಡದೇ ಇದ್ರೆ ಬಾಕಿ ಬಿದ್ದ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಜೈಲಿಗೆ ಹಾಕಬಹುದು. ಜೈಲಿಗೆ ಹೋಗ್ಬಂದ್ರೆ ಬಾಕಿ ಮಾಫಿ ಅಂತ ನಮ್ಮ ಕಡೆ ಅರ್ಧ ಗಂಡಸರು ನಂಬಿದಾರೆ, ಹಾಗೇನಿಲ್ಲ, ಜೈಲು ವಸೂಲಿಗೆ ಇರೋ ಒತ್ತಡ ಅಷ್ಟೇ, ಬಾಕಿ ಬಾಕಿನೇ, 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಸಂಬಳದವರಿಗೆ ಇನ್ನೂ ಬಿಗಿ, ಬೇರೆ ಸಾಲಕ್ಕಿಂತ ಜೀವನಾಂಶದ ಡಿಕ್ರಿಗೆ ಸಂಬಳದಲ್ಲಿ ಜಾಸ್ತಿ ಭಾಗ ಜಪ್ತಿ ಮಾಡಬಹುದು, ಮೂರರಲ್ಲಿ ಒಂದು ಭಾಗ ಮಾತ್ರ ಮುಟ್ಟಂಗಿಲ್ಲ.

ಹೊರಗೆ ಬೆಂಚಲ್ಲಿ ಕಾಯೋವಾಗ ಸಿಕ್ಕಿದ ಒಬ್ಬರ ವಿಷಯ ಹೇಳ್ಬೇಕು. ನಾಪೋಕ್ಲು ಕಡೆಯ ಮುಸ್ಲಿಂ ಹೆಣ್ಣುಮಗಳು, ಇದ್ದತ್ (ತಲಾಕ್ ಆದ್ಮೇಲೆ ಕಾಯೋ ಅವಧಿ) ಮುಗಿದ್ಮೇಲೆ ಏನೂ ಸಿಗಲ್ಲ ಅಂತ ಯಾರೋ ಹೇಳಿ ಕಳಿಸಿದ್ರಂತೆ, ಸುಮ್ನೆ ಒಂದ್ಸಲ ಕೇಳಿ ಹೋಗೋಣ ಅಂತ ಬಂದಿದ್ರು. ಜೂನಿಯರ್ ಮೇಡಂ ಅವರಿಗೆ ನಿಂತಲ್ಲೇ ಹೇಳಿದ್ರು, 2024ರ ಜುಲೈ 10ಕ್ಕೆ ಸುಪ್ರೀಂ ಕೋರ್ಟ್ ತೆಲಂಗಾಣದ ಕೇಸಲ್ಲಿ ತೀರ್ಪು ಕೊಟ್ಟಿದೆ, ತಲಾಕ್ ಆದ ಮುಸ್ಲಿಂ ಹೆಣ್ಣುಮಕ್ಕಳೂ 125ರಲ್ಲಿ ಜೀವನಾಂಶ ಕೇಳಬಹುದು, ಇದ್ದತ್‌ಗೆ ನಿಲ್ಲಲ್ಲ. ಅವರು ಮತ್ತೊಂದ್ಸಲ ಹೇಳಿ ಅಂದ್ರು, ಫೋನಲ್ಲಿ ರೆಕಾರ್ಡ್ ಮಾಡ್ಕೊಂಡ್ರು, ಉಮ್ಮನಿಗೆ ಕೇಳಿಸ್ಬೇಕು ಅಂತ.

ಮಗಳಿಗೆ 2022ರಲ್ಲಿ 18 ತುಂಬಿತು, ಅವನು ಅವತ್ತಿಗೇ ಕಾಯ್ತಿದ್ದವನ ಹಾಗೆ ಮಾರನೇ ತಿಂಗಳಿಂದ ಅವಳ 4,500 ನಿಲ್ಲಿಸಿದ. 125ರಲ್ಲಾದ್ರೆ ಮಕ್ಕಳಿಗೆ ಸಾಮಾನ್ಯವಾಗಿ 18ರವರೆಗೆ, ನಿಜ. ಆದ್ರೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಸೆಕ್ಷನಲ್ಲಿ ತನ್ನನ್ನ ತಾನು ನೋಡ್ಕೊಳ್ಳೋಕಾಗದ ಮಗಳಿಗೆ ಮದುವೆ ಆಗೋವರೆಗೆ ಅಪ್ಪನ ಜವಾಬ್ದಾರಿ. ಅದಕ್ಕೆ ಬೇರೆ ಕೇಸ್ ಹಾಕ್ಬೇಕಾಯ್ತು, ಮಗಳ ಹೆಸರಲ್ಲೇ. ಅವಳು ಮೊದಲು ನನಗೆ ಅಪ್ಪನ ದುಡ್ಡು ಬೇಡ ಅಂತ ಹಠ ಮಾಡಿದ್ಲು, ವಕೀಲರು ಒತ್ತಾಯ ಮಾಡ್ಲಿಲ್ಲ, ಡಿಗ್ರಿ ಫೀಸಿನ ರಸೀದಿ ತಗೊಂಡು ಬಾ, ನೋಡಿ ನೀನೇ ತೀರ್ಮಾನ ಮಾಡು ಮಗಳೇ ಅಂದ್ರು. ತಂದ್ಲು. ಕೇಸ್ ಹಾಕಿದ್ವಿ.

ಇನ್ನು ಒಂದು ಸ್ಟಾರ್ ಯಾಕೆ ಕಟ್. ಒಂದು, ಫೋನ್. ದೊಡ್ಡ ವಕೀಲರು ಫೋನ್ ಎತ್ತಲ್ಲ, ಎತ್ತಲ್ಲ ಅಂದ್ರೆ ಎತ್ತಲ್ಲ, ಕೋರ್ಟಲ್ಲಿದೀನಿ ಅನ್ನೋ ಮೆಸೇಜು ರಾತ್ರಿ ಹತ್ತಕ್ಕೆ ಬರ್ತದೆ. ಎರಡು, ಗುಮಾಸ್ತರ ಜೆರಾಕ್ಸು, ಟೈಪಿಂಗು, ಸರ್ಟಿಫೈಡ್ ಕಾಪಿ ಅಂತ ಮುನ್ನೂರು, ಐನೂರು, ಮತ್ತೆ ಮುನ್ನೂರು, ರಸೀದಿ ಕೇಳಿದ್ರೆ ನಗ್ತಾರೆ. ಹೋಗೋಕೆ ಮುಂಚೆ ಒಟ್ಟು ಖರ್ಚು ಎಷ್ಟಾಗ್ತದೆ ಅಂತ ಬರೆಸ್ಕೊಳ್ಳಿ. ಮೂರು, ನನಗೆ ಇದೇ ದೊಡ್ಡದು, 2021ರ ಆರ್ಡರಲ್ಲಿ ವರ್ಷ ವರ್ಷಕ್ಕೆ ಇಷ್ಟು ಏರಬೇಕು ಅನ್ನೋ ಸಾಲು ಇಲ್ಲ. ಮೂರು ವರ್ಷಕ್ಕೊಂದ್ಸಲ ನೂರಕ್ಕೆ ಹತ್ತು ಅಂತ ಅರ್ಜೀಲಿ ಕೇಳಿದ್ರು, ಆದ್ರೆ ಕೊನೇ ವಾದದ ದಿನ ಆ ವಿಷಯಕ್ಕೆ ಒಂದೇ ವಾಕ್ಯ, ಅದೂ ಊಟದ ಬ್ರೇಕ್ ಹೊತ್ತಿಗೆ. ಕೇಳಿದ್ದು ಸಾಲ್ಲಿಲ್ಲ ಅಂತ ನಾನು ಅವರ ಮುಖಕ್ಕೇ ಹೇಳಿದೀನಿ, ಅವರೂ ಇಲ್ಲ ಅನ್ನಲಿಲ್ಲ.

ಅದರಿಂದ ಆಗಿದ್ದು ಏನಂದ್ರೆ, ಕಾಫಿ ರೇಟು ದುಪ್ಪಟ್ಟು ದಾಟಿದ್ರೂ ನನಗೆ ಬರೋದು ಅದೇ 7,500. ಅವನು ಹೊಸ ಜೀಪ್ ತಗೊಂಡ, ಕಣಕ್ಕೆ ಕಾಂಕ್ರೀಟ್ ಹಾಕಿಸ್ದ, ಒಳ್ಳೇದಾಗ್ಲಿ, ನನಗೆ ಬಾಡಿಗೇನೇ ಐದು ಸಾವಿರ ಆಗಿದೆ. 25ನೇ ಸೆಕ್ಷನಲ್ಲೇ ಪರಿಸ್ಥಿತಿ ಬದಲಾದ್ರೆ ಮೊತ್ತ ಬದಲಾಯಿಸಬಹುದು ಅಂತಿದೆ, ಈಗ ಆ ಅರ್ಜಿ ಹಾಕಿದೀವಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೋಲ್ಕತ್ತಾದ ಒಂದು ಕೇಸಲ್ಲಿ ಮತ್ತೆ ಮದುವೆ ಆಗದ ಹೆಂಡತಿಗೆ ತಿಂಗಳಿಗೆ 50,000, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5 ಏರಿಕೆ ಅಂತ ಕೊಟ್ಟಿದೆ, ಮದುವೇಲಿ ಇದ್ದಾಗಿನ ಜೀವನಮಟ್ಟ ನೋಡ್ಬೇಕು, ಬೆಲೆ ಏರಿಕೆ ನೋಡ್ಬೇಕು ಅಂತ. ನನಗೇನು 50,000 ಬೇಡ, ಆ 5 ಪರ್ಸೆಂಟ್ ಸಾಲು ಬೇಕು. ಈ ಸಲ ಅದಕ್ಕೆ ಬೇರೆ ಮೆಮೋ ಹಾಕಿ, ಹಿಂದಿನ ಐದು ವರ್ಷದ ಕಾಫಿ ರೇಟಿನ ಪಟ್ಟಿ ಜೊತೆಗಿಟ್ಟು ಜೂನಿಯರ್ ಮೇಡಂ ಅವರೇ ವಾದ ಮಾಡ್ತಿದಾರೆ, ಅವರಿಗೇ ಕೊಡಿ ಅಂತ ನಾನೇ ಕೇಳ್ಕೊಂಡಿದ್ದು. ಆಚೆಯವರು ರೇಟು ನಾಳೆ ಬಿದ್ರೆ ಏನು ಮಾಡ್ತೀರಿ ಅಂತಾರೆ. ಬಿದ್ರೆ ಅವರೂ ಅರ್ಜಿ ಹಾಕ್ಲಿ, ಅದೇ ಸೆಕ್ಷನ್, ಅದೇ ಬಾಗಿಲು.

ಗಂಡಸರು ಈ ರಿವ್ಯೂ ಓದಿ ಬೈಬೇಡಿ, ನಿಮಗೂ ಹೇಳ್ತೀನಿ: ಹಿಂದೂ ವಿವಾಹ ಕಾಯ್ದೆ 24, 25ರಲ್ಲಿ ಗಂಡನೂ ಹೆಂಡತಿಯಿಂದ ಕೇಳಬಹುದು, 125ರಲ್ಲಿ ಮಾತ್ರ ಇಲ್ಲ. ಈ ಆಫೀಸಲ್ಲಿ ಗಂಡಂದಿರ ಕೇಸೂ ತಗೋತಾರೆ, ಆದ್ರೆ ಆದಾಯ ಮುಚ್ಚಿಡೋದಾದ್ರೆ ಬೇರೆ ಕಡೆ ಹೋಗಿ ಅಂತ ಮೊದಲ ದಿನವೇ ಹೇಳೋದನ್ನ ನಾನು ಬೆಂಚಲ್ಲಿ ಕೂತು ಕೇಳಿಸ್ಕೊಂಡಿದೀನಿ.

ಹೋಗೋರಿಗೆ: ಶನಿವಾರ ಮಧ್ಯಾಹ್ನ ಹೋಗಿ, ಆಗ ಕೋರ್ಟ್ ಗಡಿಬಿಡಿ ಇರಲ್ಲ. ಮದುವೆ ಫೋಟೋ ಆಲ್ಬಂ ಹೊತ್ಕೊಂಡು ಹೋಗೋ ಬದ್ಲು ಪಹಣಿ, ಪಾಸ್‌ಬುಕ್, ಕಾಫಿ ಮಾರಿದ ಚೀಟಿ, ಸೊಸೈಟಿ ಸಾಲದ ಕಾಗದ, ಮಕ್ಕಳ ಫೀಸ್ ರಸೀದಿ ತಗೊಂಡು ಹೋಗಿ. ಕೇಸ್ ನಂಬರ್ ಆದ್ಮೇಲೆ ಸಿಎನ್‌ಆರ್ ನಂಬರ್ ಕೇಳಿ ಇಸ್ಕೊಳ್ಳಿ, ಇ-ಕೋರ್ಟ್ಸ್ ಆ್ಯಪಲ್ಲಿ ಹಾಕಿದ್ರೆ ಮುಂದಿನ ಡೇಟು ನಿಮಗೇ ಕಾಣ್ತದೆ, ಎತ್ತದ ಫೋನಿಗೆ ಕಾಯೋದು ತಪ್ತದೆ. ನನ್ನ ಅರ್ಜಿಯ ಆರ್ಡರ್ ಬಂದ್ಮೇಲೆ ಸ್ಟಾರ್ ಏರಿಸ್ಬೇಕಾ ಇಳಿಸ್ಬೇಕಾ ಅಂತ ನೋಡಿ ಇಲ್ಲೇ ಎಡಿಟ್ ಮಾಡ್ತೀನಿ.